ಶನಿವಾರ-ಭಾನುವಾರ ಗುಡುಗು ಮಳೆಯಂತೆ, ಹೌದಾ? – ಓದುಗರ ಪ್ರಶ್ನೆಗಳಿಗೆ ಉತ್ತರ

ಮೇ ತಿಂಗಳು ಬಂತೆಂದರೆ ಈ ಅಂಕಣಕ್ಕೆ ಬರುವ ಪ್ರಶ್ನೆಗಳೆಲ್ಲ ಮಳೆಯವೇ. "ಶನಿವಾರ ಮತ್ತು ಭಾನುವಾರ ಒಳನಾಡಿನ ಜಿಲ್ಲೆಗಳಲ್ಲಿ ಅಲ್ಲಲ್ಲಿ ಗುಡುಗು ಸಹಿತ ಮಳೆ ಸಾಧ್ಯತೆ, ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ" – ಇಂಥ ಸಾಲು ಈ ದಿನಗಳಲ್ಲಿ ಹೆಚ್ಚುಕಡಿಮೆ ಪ್ರತಿ ವಾರ ಕಿವಿಗೆ ಬೀಳುತ್ತದೆ. ಮದುವೆ, ಗೃಹಪ್ರವೇಶ, ಸುಗ್ಗಿ, ಮಕ್ಕಳ ರಜೆ, ಟ್ರಿಪ್ಪು ಎಲ್ಲವೂ ಇದೇ ತಿಂಗಳಲ್ಲಿ ಬರುವುದರಿಂದ ಆ ಒಂದು ಸಾಲಿನ ಮೇಲೆ ಎಷ್ಟೋ ಮನೆಗಳ ವಾರಾಂತ್ಯ ನಿಂತಿರುತ್ತದೆ. ಬಂದ ಪ್ರಶ್ನೆಗಳಲ್ಲಿ ಕೆಲವಕ್ಕೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಸಿಡಿಲಿನ ಪ್ರಶ್ನೆಗೆ ಬರೆದ ಉತ್ತರ ಉದ್ದವಾಗಿದೆ, ದಯವಿಟ್ಟು ಅದನ್ನು ಪೂರ್ತಿ ಓದಿ.

ಪ್ರಶ್ನೆ: ಹೋದ ಶನಿವಾರ ಬೆಂಗಳೂರಿಗೆ ಗುಡುಗು ಮಳೆ ಅಂತ ಹೇಳಿದ್ದರು. ಜಯನಗರದಲ್ಲಿ ಒಂದು ಹನಿ ಬೀಳಲಿಲ್ಲ. ಹೆಬ್ಬಾಳದಲ್ಲಿರುವ ನನ್ನ ತಂಗಿ ಮನೆ ಹತ್ತಿರ ಮಾತ್ರ ರಸ್ತೆ ತುಂಬ ನೀರಂತೆ. ಇಂಥ ಮುನ್ಸೂಚನೆ ನಂಬಿ ಏನು ಪ್ಲ್ಯಾನ್ ಮಾಡೋದು?
– ಓದುಗರು, ಜಯನಗರ, ಬೆಂಗಳೂರು

ಆ ಮುನ್ಸೂಚನೆ ಸರಿಯಾಗಿಯೇ ಇತ್ತು. ನಿಮ್ಮ ಬೇಸರವೂ ಸರಿಯೇ, ಏಕೆಂದರೆ ಆ ಸಾಲನ್ನು ಹೇಗೆ ಓದಬೇಕೆಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ.

ಬೇಸಿಗೆಯ ಗುಡುಗು ಮೋಡ ತುಂಬ ಎತ್ತರ, ಆದರೆ ಅಗಲ ಕಡಿಮೆ. ಮೇಲಕ್ಕೆ 12ರಿಂದ 15 ಕಿ.ಮೀ. ಬೆಳೆಯುವ ಮೋಡ ನೆಲದ ಮೇಲೆ ಕೆಲವೇ ಕಿ.ಮೀ. ಜಾಗಕ್ಕೆ ನೀರು ಸುರಿದು, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಮುಗಿದುಹೋಗುತ್ತದೆ. ಬೆಳಿಗ್ಗೆಯಿಂದ ನೆಲ ಕಾಯುತ್ತದೆ. ಅರಬ್ಬಿ ಸಮುದ್ರದ ಕಡೆಯಿಂದಲೂ ಬಂಗಾಳ ಕೊಲ್ಲಿಯ ಕಡೆಯಿಂದಲೂ ತೇವದ ಗಾಳಿ ಬರುತ್ತದೆ. ವಿದರ್ಭ, ಮರಾಠವಾಡದಿಂದ ನಮ್ಮ ಉತ್ತರ ಒಳನಾಡಿನ ಮೇಲೆ ಹಾದು ತಮಿಳುನಾಡಿನವರೆಗೆ ಗಾಳಿಗಳು ಸಂಧಿಸುವ ಒಂದು ಉದ್ದನೆಯ ಪಟ್ಟಿ ಈ ದಿನಗಳಲ್ಲಿ ಆಗಾಗ ಏಳುತ್ತದೆ. ಆ ಪಟ್ಟಿಯ ಆಸುಪಾಸಿನಲ್ಲಿ ಮಧ್ಯಾಹ್ನದ ಹೊತ್ತಿಗೆ ಮೋಡ ಹುಟ್ಟುತ್ತದೆ ಎಂದು ಎರಡು ಮೂರು ದಿನ ಮೊದಲೇ ಹೇಳಬಹುದು. ಆದರೆ ಅದು ಜಯನಗರದ ಮೇಲೋ ಹೆಬ್ಬಾಳದ ಮೇಲೋ ಅಂತ ಹೇಳುವುದು, ಒಲೆ ಮೇಲಿನ ಎಸರಿನಲ್ಲಿ ಮೊದಲ ಗುಳ್ಳೆ ಎಲ್ಲಿ ಏಳುತ್ತದೆ ಎಂದು ಹೇಳಿದ ಹಾಗೆ. ಅದರ ಮೇಲೆ ಇನ್ನೊಂದು ತೊಡಕಿದೆ. ಒಂದು ಮೋಡ ಸುರಿಯುವಾಗ ಅದರಿಂದ ಕೆಳಗಿಳಿದ ತಣ್ಣನೆ ಗಾಳಿ ನೆಲದ ಮೇಲೆ ಹರಡಿ, ಹತ್ತು ಹದಿನೈದು ಕಿ.ಮೀ. ಆಚೆ ಬಿಸಿ ಗಾಳಿಯನ್ನು ಮೇಲಕ್ಕೆ ತಳ್ಳುತ್ತದೆ, ಅಲ್ಲಿ ಇನ್ನೊಂದು ಮೋಡ ಏಳುತ್ತದೆ. ಮೊದಲ ಮೋಡವೇ ಹುಟ್ಟಿಲ್ಲದಾಗ ಎರಡನೆಯದರ ಜಾಗ ಯಾರಿಗೆ ಗೊತ್ತಾಗಬೇಕು?

ಹವಾಮಾನ ಇಲಾಖೆ ಒಂದು ಪ್ರದೇಶದಲ್ಲಿರುವ ಮಳೆಮಾಪನ ಕೇಂದ್ರಗಳ ಲೆಕ್ಕದಲ್ಲಿ ಮಾತಾಡುತ್ತದೆ. ನೂರಕ್ಕೆ 25ರವರೆಗಿನ ಕೇಂದ್ರಗಳಲ್ಲಿ ಮಳೆ ನಿರೀಕ್ಷೆ ಇದ್ದರೆ ಒಂದು ಮಾತು, 26ರಿಂದ 50 ಇದ್ದರೆ ಇನ್ನೊಂದು, 51ರಿಂದ 75 ಇದ್ದರೆ ಮತ್ತೊಂದು, ಅದಕ್ಕೂ ಮೇಲೆ ಇದ್ದರೆ ಬಹುತೇಕ ಎಲ್ಲ ಕಡೆ ಮಳೆ ಅಂತ. ಸುದ್ದಿಯಲ್ಲಿ ನಾವು ಕೇಳುವ "ಅಲ್ಲಲ್ಲಿ" ಸಾಮಾನ್ಯವಾಗಿ ಮೊದಲಿನದು. ಅಂದರೆ ಹೆಚ್ಚಿನ ಕಡೆ ಅವತ್ತು ಒಣ ದಿನ, ಬಿದ್ದ ಕಡೆ ಮಾತ್ರ ಜೋರು. ಹಾಗಾಗಿ ಜಯನಗರವೂ ಸರಿ, ಹೆಬ್ಬಾಳವೂ ಸರಿ.

ನನ್ನ ಸಲಹೆ ಇಷ್ಟೇ. "ನಮ್ಮ ಮನೆಗೆ ಬರುತ್ತಾ, ಇಲ್ವಾ" ಅಂತ ಕೇಳುವುದನ್ನು ಬಿಟ್ಟು, "ಸಂಜೆ ನಾಲ್ಕಕ್ಕೆ ಬಂದರೆ ನಾನು ಎಲ್ಲಿರುತ್ತೇನೆ" ಅಂತ ಕೇಳಿಕೊಳ್ಳಿ. ಹೊರಗಿನ ಕೆಲಸ ಬೆಳಿಗ್ಗೆಗೆ ಹಾಕಿಕೊಳ್ಳಿ. ಮಧ್ಯಾಹ್ನ ಎರಡರಿಂದ ರಾತ್ರಿಯವರೆಗೆ ಸೂರು ಹತ್ತಿರ ಇರುವಂತೆ ನೋಡಿಕೊಳ್ಳಿ. ವಾರದ ಮುನ್ಸೂಚನೆಯಿಂದ ದಿನ ಗೊತ್ತಾಗುತ್ತದೆ. ಮುಂದಿನ ಮೂರು ತಾಸಿಗೆಂದು ರೇಡಾರ್, ಉಪಗ್ರಹ ನೋಡಿ ಕೊಡುವ ತುರ್ತು ಮುನ್ಸೂಚನೆಯಿಂದ ಹೊತ್ತು ಗೊತ್ತಾಗುತ್ತದೆ. ಎರಡನೆಯದನ್ನು ಬಹಳ ಜನ ನೋಡುವುದೇ ಇಲ್ಲ. ಹವಾಮಾನ ಇಲಾಖೆಯ 'ಮೌಸಮ್' ಆ್ಯಪ್‌ನಲ್ಲಿ ಅದು ಸಿಗುತ್ತದೆ. ಬೆಂಗಳೂರಿನವರಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ಮೇಘಸಂದೇಶ' ಕೂಡ ಇದೆ.

ಪ್ರಶ್ನೆ: ಫೋನಿನಲ್ಲಿ ಭಾನುವಾರಕ್ಕೆ ಶೇಕಡ 40 ಮಳೆ ಅಂತ ತೋರಿಸುತ್ತಿದೆ. ದಿನದಲ್ಲಿ 40 ಭಾಗ ಹೊತ್ತು ಮಳೆ ಅಂತಲಾ, ಅಥವಾ ಊರಿನ 40 ಭಾಗಕ್ಕಾ?
– ಕಾಲೇಜು ವಿದ್ಯಾರ್ಥಿನಿ, ದಾವಣಗೆರೆ

ಎರಡೂ ಅಲ್ಲ. ಇಂಥದೇ ಹವೆ ಇರುವ ಹತ್ತು ದಿನ ತೆಗೆದುಕೊಂಡರೆ ಅದರಲ್ಲಿ ನಾಲ್ಕು ದಿನ ನೀವಿರುವ ಜಾಗಕ್ಕೆ ಮಳೆ ಬರಬಹುದು, ಆರು ದಿನ ಬರಲಿಕ್ಕಿಲ್ಲ ಅಂತ ಅರ್ಥ. ಎಷ್ಟು ಮಳೆ, ಎಷ್ಟು ಹೊತ್ತು, ಗಾಳಿ ಎಷ್ಟು ಜೋರು ಅನ್ನುವುದಕ್ಕೂ ಆ ಸಂಖ್ಯೆಗೂ ಸಂಬಂಧವಿಲ್ಲ. ಶೇಕಡ 40 ಇದ್ದ ದಿನ ಮರ ಉರುಳಿಸುವ ಗಾಳಿ ಬರಬಹುದು, ಶೇಕಡ 90 ಇದ್ದ ದಿನ ಬರೀ ತುಂತುರು ಬಿದ್ದು ಹೋಗಬಹುದು. ಹಾಗಾಗಿ ಬರೀ ಆ ಸಂಖ್ಯೆ ನೋಡಬೇಡಿ. ಜಿಲ್ಲೆಗೆ ಕೊಟ್ಟ ಬಣ್ಣವನ್ನೂ ನೋಡಿ. ಹಳದಿ ಅಂದರೆ ಗಮನ ಇಟ್ಟಿರಿ, ಕಿತ್ತಳೆ ಅಂದರೆ ಸಿದ್ಧವಾಗಿರಿ, ಕೆಂಪು ಅಂದರೆ ಈಗಲೇ ಕ್ರಮ ತೆಗೆದುಕೊಳ್ಳಿ. ಒಂದು ಮಾತು ಮಾತ್ರ ನೆನಪಿರಲಿ: ಹಳದಿ ದಿನದ ಸಿಡಿಲು ಕೆಂಪು ದಿನದ ಸಿಡಿಲಿಗಿಂತ ಕಡಿಮೆ ಅಪಾಯದ್ದೇನಲ್ಲ.

ಪ್ರಶ್ನೆ: ಭಾನುವಾರ ಸಂಜೆ ಮಗಳ ಆರತಕ್ಷತೆ. ಮನೆ ಪಕ್ಕದ ಖಾಲಿ ಜಾಗದಲ್ಲಿ ಶಾಮಿಯಾನ ಹಾಕಿಸುತ್ತಿದ್ದೇವೆ, ಆರುನೂರು ಜನ ಬರುತ್ತಾರೆ. ಮಳೆ ಬಂದರೆ ತಡೆಯುತ್ತದೆ ಅಂತ ಶಾಮಿಯಾನದವರು ಹೇಳಿದ್ದಾರೆ. ಧೈರ್ಯ ಮಾಡಬಹುದಾ?
– ಓದುಗರು, ಮದ್ದೂರು

ಮೊದಲಿಗೆ ಮಗಳಿಗೆ ಶುಭಾಶಯ. ಮಳೆಯನ್ನು ಶಾಮಿಯಾನ ತಡೆಯಬಹುದು. ನನಗಿರುವ ಭಯ ಗಾಳಿಯದ್ದು. ಬೇಸಿಗೆಯ ಮಳೆಯಲ್ಲಿ ಮೊದಲು ಬರುವುದೇ ಗಾಳಿ. ಮೋಡದಿಂದ ಒಮ್ಮೆಗೇ ಕೆಳಗಿಳಿಯುವ ತಣ್ಣನೆ ಗಾಳಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದರೆ ಮೇಲಿನ ಬಟ್ಟೆ ಉಬ್ಬಿ ಕಂಬಗಳನ್ನೇ ಎತ್ತುತ್ತದೆ. ಮೇಲೆ ನೀರು ನಿಂತು ಬಟ್ಟೆ ಜೋತುಬಿದ್ದರೆ ಆ ಭಾರ ಬೇರೆ. ಕಬ್ಬಿಣದ ಕಂಬ, ಸೀರಿಯಲ್ ಸೆಟ್ಟು, ಒದ್ದೆ ನೆಲ, ಜನರೇಟರ್ ಇವೆಲ್ಲ ಒಂದೇ ಕಡೆ ಸೇರಿದರೆ ಕರೆಂಟ್ ಹೊಡೆಯುವ ಅಪಾಯವೂ ಇದೆ. ಸಿಡಿಲಿನ ವಿಷಯದಲ್ಲಂತೂ ಶಾಮಿಯಾನ ಆಸರೆಯೇ ಅಲ್ಲ.

ಆದ್ದರಿಂದ ಹೀಗೆ ಮಾಡಿ. ಹತ್ತಿರದ ಸಮುದಾಯ ಭವನವೋ, ದೇವಸ್ಥಾನದ ಪಕ್ಕದ ಛತ್ರವೋ, ಯಾವುದಾದರೂ ಒಂದು ಗಟ್ಟಿ ಕಟ್ಟಡವನ್ನು ಅವತ್ತು ಸಂಜೆಗೆ ಹೇಳಿಟ್ಟುಕೊಳ್ಳಿ. ಸ್ವಲ್ಪ ದುಡ್ಡು ಜಾಸ್ತಿ ಆಗುತ್ತದೆ, ಆದರೂ ಮಾಡಿ. ಸಾಧ್ಯವಾದರೆ ಆರತಕ್ಷತೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು ಮಧ್ಯಾಹ್ನದ ಊಟಕ್ಕೆ ಮುಗಿಸಿ, ನಮ್ಮ ಕಡೆ ಬೀಗರ ಊಟವೆಲ್ಲ ಮಧ್ಯಾಹ್ನವೇ ತಾನೇ ನಡೆಯುವುದು. ಆಗಲೇ ಇಲ್ಲ ಅಂದರೆ, ಗುಡುಗು ಕೇಳಿದ ತಕ್ಷಣ ಮೈಕಿನಲ್ಲಿ ಹೇಳಿ ಜನರನ್ನು ಒಳಗೆ ಕಳಿಸುವ ಜವಾಬ್ದಾರಿಯನ್ನು ಒಬ್ಬರಿಗೆ ಮೊದಲೇ ಒಪ್ಪಿಸಿ. ಮನೆಯವರು ಬೇಡ, ನೀವೆಲ್ಲ ಅವತ್ತು ಬಂದವರನ್ನು ಮಾತಾಡಿಸುವುದರಲ್ಲೇ ಇರುತ್ತೀರಿ. ಅಡುಗೆ ಭಟ್ಟರ ಒಲೆ ಮತ್ತು ಸಿಲಿಂಡರ್ ಮೇಲೆ ಬಟ್ಟೆಯ ಚಪ್ಪರ ಬೇಡ, ತಗಡಿನ ಗಟ್ಟಿ ಮಾಡು ಹಾಕಿಸಿ.

ಪ್ರಶ್ನೆ: ನಮ್ಮ ಅವ್ವ, ಅಪ್ಪ ಇಬ್ಬರೂ ಹೊಲದ ಕೆಲಸಕ್ಕೆ ಹೋಗುತ್ತಾರೆ. ಹೊಲದಾಗ ಒಂದು ಬೇವಿನ ಮರ ಬಿಟ್ಟರೆ ಏನೂ ಇಲ್ಲ. ಮಳೆ ಬಂದರೆ ಎಲ್ಲರೂ ಅದರ ಕೆಳಗೇ ನಿಲ್ಲುತ್ತಾರೆ. ನಾನು ಪುಣೆಯಲ್ಲಿ ಕೆಲಸ ಮಾಡುತ್ತೇನೆ, ಗುಡುಗು ಅಂತ ಸುದ್ದಿ ಬಂದ ದಿನ ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತೇನೆ. ಅವರಿಗೆ ಏನು ಹೇಳಲಿ?
– ಓದುಗರು, ಜೇವರ್ಗಿ ತಾಲ್ಲೂಕು

ಮೊದಲು ಹೇಳಬೇಕಾದ ಮಾತು: ಆ ಮರದ ಕೆಳಗೆ ಮಾತ್ರ ನಿಲ್ಲಬೇಡಿ. ಇದನ್ನು ಇವತ್ತೇ ಫೋನ್ ಮಾಡಿ ಹೇಳಿ, ನಾಳೆಯೂ ಹೇಳಿ.

ದೇಶದಲ್ಲಿ ಸಿಡಿಲಿಗೆ ಸಾಯುವವರ ಸಂಖ್ಯೆ ವರ್ಷಕ್ಕೆ 2,500ಕ್ಕಿಂತ ಮೇಲಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕದಲ್ಲಿ 2021ರಲ್ಲಿ 2,880 ಮಂದಿ, 2022ರಲ್ಲಿ 2,887 ಮಂದಿ. ಇವರಲ್ಲಿ ಬಹಳಷ್ಟು ಜನ ಹೊಲದಲ್ಲಿ ದುಡಿಯುವವರು, ದನ ಕುರಿ ಕಾಯುವವರು. ಬೀದರ್, ಕಲಬುರಗಿ, ವಿಜಯಪುರದ ಕಡೆಯಿಂದ ಏಪ್ರಿಲ್-ಮೇ ತಿಂಗಳಲ್ಲಿ ಇಂಥ ಸುದ್ದಿ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಏಕೆಂದರೆ ಈ ಸಾವುಗಳಲ್ಲಿ ಎಷ್ಟೋ ತಪ್ಪಿಸಬಹುದಾದವು.

ಒಂಟಿ ಮರ ಸುತ್ತಲಿನ ಬಯಲಿಗಿಂತ ಎತ್ತರ ಇರುವುದರಿಂದ ಸಿಡಿಲು ಅದಕ್ಕೇ ಹೊಡೆಯುವ ಸಾಧ್ಯತೆ ಹೆಚ್ಚು. ಹೊಡೆದ ಕರೆಂಟು ಮರದಿಂದ ಪಕ್ಕದಲ್ಲಿ ನಿಂತವರ ಮೈಗೆ ಜಿಗಿಯುತ್ತದೆ. ಅದಕ್ಕಿಂತ ಹೆಚ್ಚಾಗಿ ಬೇರಿನ ಸುತ್ತ ನೆಲದಲ್ಲಿ ಹರಡುತ್ತದೆ. ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಮರದ ಕೆಳಗೆ ನಿಂತ ಕುರಿ ಮಂದೆ ಒಮ್ಮೆಗೇ ಸಾಯುವುದು ಇದೇ ಕಾರಣಕ್ಕೆ. ದನಗಳ ಮುಂಗಾಲು ಹಿಂಗಾಲಿನ ನಡುವೆ ಅಂತರ ಜಾಸ್ತಿ, ಅದರಿಂದ ಅವಕ್ಕೆ ಅಪಾಯವೂ ಜಾಸ್ತಿ.

ಇನ್ನು ಯಾವಾಗ ಹೊರಡಬೇಕು? ಗುಡುಗು ಕೇಳಿಸಿತು ಎಂದರೆ ಸಿಡಿಲು ಹೊಡೆಯುವಷ್ಟು ಹತ್ತಿರ ಇದೆ ಎಂದೇ ಅರ್ಥ. ಮಳೆ ಹನಿ ಬೀಳಲಿ ಅಂತ ಕಾಯಬಾರದು, ಮೋಡ ಇನ್ನೂ ಎಂಟು ಹತ್ತು ಕಿ.ಮೀ. ಆಚೆ ಇದ್ದಾಗಲೂ ಸಿಡಿಲು ಬಂದು ಹೊಡೆಯಬಹುದು. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಎಣಿಸಿದರೆ ಪ್ರತಿ ಮೂರು ಸೆಕೆಂಡಿಗೆ ಸುಮಾರು ಒಂದು ಕಿ.ಮೀ. ದೂರ. ಮೂವತ್ತು ಎಣಿಸುವುದರೊಳಗೆ ಗುಡುಗು ಬಂದರೆ ಕೆಲಸ ಬಿಟ್ಟು ನಡೆಯಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಮತ್ತೆ ಹೊಲಕ್ಕೆ ಇಳಿಯಬಾರದು. ಮಳೆ ನಿಂತು ಬಿಸಿಲು ಬಿದ್ದಿದ್ದರೂ ಅಷ್ಟೇ. "ಮಳೆ ನಿಂತಿತು" ಅಂತ ಎದ್ದು ಹೋದವರಿಗೆ ಹೊಡೆದದ್ದು ಇದೆ.

ಎಲ್ಲಿ ಹೋಗಬೇಕು? ಗೋಡೆ, ಆರ್‌ಸಿಸಿ ಮಾಡು ಇರುವ ಮನೆ, ಶಾಲೆ, ಪಂಚಾಯ್ತಿ ಕಟ್ಟಡ. ಗಾಜು ಏರಿಸಿದ ಕಾರು, ಬಸ್ಸು ಕೂಡ ಆದೀತು. ನಾಲ್ಕು ಕಂಬದ ಮೇಲೆ ತಗಡು ಹೊದಿಸಿದ ಶೆಡ್ಡು, ಹುಲ್ಲಿನ ಗುಡಿಸಲು, ಟ್ರ್ಯಾಕ್ಟರ್, ಬೈಕು ಇವು ಯಾವುವೂ ಆಸರೆಯಲ್ಲ. ಪಂಪ್‌ಸೆಟ್ಟಿನ ಮನೆ ಗಟ್ಟಿಯಾಗಿದ್ದರೆ ಒಳಗೆ ನಿಲ್ಲಬಹುದು, ಆದರೆ ಸ್ಟಾರ್ಟರ್ ಬೋರ್ಡು, ಪೈಪು ಮುಟ್ಟಬಾರದು. ತಂತಿ ಬೇಲಿ, ಕರೆಂಟ್ ಕಂಬ, ಕೆರೆ, ಕೃಷಿ ಹೊಂಡ ಇವುಗಳಿಂದ ದೂರ ಇರಬೇಕು.

ಏನೂ ಸಿಗದಿದ್ದರೆ? ತಗ್ಗಿನ ಜಾಗ ನೋಡಿ, ಎರಡೂ ಪಾದ ಜೋಡಿಸಿ, ತುದಿಗಾಲಲ್ಲಿ ಕುಕ್ಕರಗಾಲಲ್ಲಿ ಕೂತು, ತಲೆ ಬಗ್ಗಿಸಿ ಕಿವಿ ಮುಚ್ಚಿಕೊಳ್ಳುವುದು. ಮಲಗಬಾರದು. ಗುಂಪಾಗಿ ಕೂರದೆ ಒಬ್ಬರಿಂದೊಬ್ಬರು ದೂರ ಇರಬೇಕು. ಇದು ಬೇರೆ ದಾರಿಯೇ ಇಲ್ಲದಾಗ ಮಾಡುವುದು. ಇದರಿಂದ ಅಪಾಯ ಸ್ವಲ್ಪ ಕಡಿಮೆಯಾದೀತು, ತಪ್ಪುವುದಿಲ್ಲ. ಹೊಲದಿಂದ ಗಟ್ಟಿ ಕಟ್ಟಡಕ್ಕೆ ನಡೆದು ಹೋಗಲು ಅರ್ಧ ಗಂಟೆ ಬೇಕು ಎನ್ನುವ ಜಾಗವಾದರೆ, ಮುನ್ಸೂಚನೆ ಇರುವ ದಿನ ಬೆಳಿಗ್ಗೆ ಆರಕ್ಕೆ ಹೋಗಿ ಮಧ್ಯಾಹ್ನ ಒಂದರೊಳಗೆ ಮನೆಗೆ ಬಂದುಬಿಡುವುದೇ ಸರಿಯಾದ ಉಪಾಯ. ಬಿಸಿಲಿನ ಕಾಟವೂ ತಪ್ಪುತ್ತದೆ.

ಯಾರಿಗಾದರೂ ಸಿಡಿಲು ಹೊಡೆದರೆ ಅವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ, ಧೈರ್ಯವಾಗಿ ಮುಟ್ಟಬಹುದು. ಮುಟ್ಟಲು ಹೆದರಿ ನಿಂತದ್ದರಿಂದ ಹೋದ ಜೀವಗಳಿವೆ. ಉಸಿರು ನಿಂತಿದ್ದರೆ ಎದೆಯ ನಡುಭಾಗವನ್ನು ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ ಗಟ್ಟಿಯಾಗಿ ಒತ್ತುತ್ತಾ ಇರಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು. ಸತ್ತ ಹಾಗೆ ಕಂಡವರೂ ಇದರಿಂದ ಬದುಕಿ ಬರುತ್ತಾರೆ.

ನೀವು ಪುಣೆಯಲ್ಲಿ ಇರುವುದರಿಂದ ಒಂದು ಕೆಲಸ ಮಾಡಬಹುದು. ಪುಣೆಯಲ್ಲೇ ಇರುವ ಉಷ್ಣವಲಯ ಹವಾಮಾನ ಸಂಸ್ಥೆ ಮಾಡಿದ 'ದಾಮಿನಿ' ಆ್ಯಪ್, ನಮ್ಮ ರಾಜ್ಯದ 'ಸಿಡಿಲು' ಆ್ಯಪ್ ಎರಡೂ ಇವೆ. ಸುತ್ತ ಎಲ್ಲಿ ಸಿಡಿಲು ಬೀಳುತ್ತಿದೆ ಎಂದು ಅವು ತೋರಿಸುತ್ತವೆ. ಅವ್ವ-ಅಪ್ಪನಿಗೆ ಸ್ಮಾರ್ಟ್ ಫೋನ್ ಬಾರದಿದ್ದರೆ ಊರಿನ ಯಾರಾದರೂ ಹುಡುಗರ ಫೋನಿನಲ್ಲಿ ಹಾಕಿಸಿ. ಎಚ್ಚರಿಕೆ ಬಂದಾಗ ಅವರು ಒಂದು ಕೂಗು ಹಾಕಿದರೂ ಸಾಕು, ಅಕ್ಕಪಕ್ಕದ ಹೊಲದವರೆಲ್ಲ ಏಳುತ್ತಾರೆ.

ಪ್ರಶ್ನೆ: ಗುಡುಗು ಬಂದರೆ ನಮ್ಮಜ್ಜಿ "ಅರ್ಜುನ, ಫಲ್ಗುಣ, ಪಾರ್ಥ, ಕಿರೀಟಿ" ಅಂತ ಹೇಳಲು ಶುರು ಮಾಡುತ್ತಾರೆ. ನನ್ನ ತಮ್ಮ ಮೊಬೈಲ್ ಆಫ್ ಮಾಡು ಅಂತಾನೆ. ಅಮ್ಮ ಸ್ನಾನಕ್ಕೆ ಹೋಗಬೇಡ ಅಂತಾರೆ. ಯಾರ ಮಾತು ಕೇಳೋದು?
– ಓದುಗರು, ಸಾಗರ

ಅಮ್ಮನ ಮಾತು ಕೇಳಿ. ಸಿಡಿಲಿನ ಕರೆಂಟು ನೀರಿನ ಪೈಪಿನ ಮೂಲಕವೂ ಮನೆಯೊಳಗೆ ಬರಬಹುದು, ಹಾಗಾಗಿ ಗುಡುಗುವಾಗ ಸ್ನಾನ, ಪಾತ್ರೆ ತೊಳೆಯುವುದು ಬೇಡ. ತಂತಿ ಇರುವ ಫೋನ್, ಚಾರ್ಜಿಗೆ ಹಾಕಿದ ಮೊಬೈಲ್ ಹಿಡಿದುಕೊಳ್ಳಬೇಡಿ. ಬರೀ ಕೈಯಲ್ಲಿರುವ ಮೊಬೈಲ್ ಸಿಡಿಲನ್ನು ಎಳೆಯುವುದಿಲ್ಲ, ಆಫ್ ಮಾಡಬೇಕಿಲ್ಲ, ಆ ಹೊತ್ತಿನಲ್ಲಿ ಅದು ಬೇಕಾಗುತ್ತದೆ ಕೂಡ. ಟಿವಿ, ಫ್ರಿಜ್ಜು, ವೈಫೈ ಪ್ಲಗ್ಗುಗಳನ್ನು ಗುಡುಗು ಹತ್ತಿರ ಬರುವ ಮೊದಲೇ ಕಿತ್ತಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಅಜ್ಜಿ ಹತ್ತು ಹೆಸರು ಹೇಳಲಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಡುಮನೆಯಲ್ಲಿ ಹೇಳಲಿ. ಜಗಲಿಯಲ್ಲಿ ಬೇಡ, ಕಿಟಕಿ ಬಾಗಿಲ ಹತ್ತಿರ ಬೇಡ. ಹೆದರಿದ ಮಕ್ಕಳನ್ನು ಒಳಗೆ ಕಟ್ಟಿ ಹಾಕಲು ಅದಕ್ಕಿಂತ ಒಳ್ಳೆಯ ಪದ್ಧತಿ ನನಗೆ ಕಂಡಿಲ್ಲ.

ಪ್ರಶ್ನೆ: ಬೇಸಿಗೆ ಭತ್ತ ಕೊಯ್ದು ಒಣಗಲು ಹಾಕಿದ್ದೇವೆ. ಶನಿವಾರ ಮಳೆ ಅಂತಿದ್ದಾರೆ. ಇನ್ನೆರಡು ದಿನ ಒಣಗಬೇಕಿತ್ತು. ಏನು ಮಾಡೋದು?
– ರೈತರು, ಕಾರಟಗಿ

ಶುಕ್ರವಾರ ಸಂಜೆಗೇ ರಾಶಿ ಮಾಡಿ ಮುಚ್ಚಿ. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಎಷ್ಟೋ ವರ್ಷ ಇದೇ ಹೊತ್ತಿನಲ್ಲಿ ರಸ್ತೆ ಮೇಲಿನ ಭತ್ತ ನೆನೆದು ಮೊಳಕೆ ಬರುವುದನ್ನು ನೋಡುತ್ತೇವೆ, ಆರು ತಿಂಗಳ ದುಡಿಮೆ ಅದು. ಸ್ವಲ್ಪ ಹಸಿ ಇದ್ದರೂ ರಾಶಿ ಮಾಡುವುದೇ ಮೇಲು. ಬೆಳಿಗ್ಗೆ ಬಿಸಿಲು ಬಂದಾಗ ಮತ್ತೆ ಹರವಬಹುದು, ನೆನೆದದ್ದನ್ನು ಮೊದಲಿನಂತೆ ಮಾಡಲಾಗುವುದಿಲ್ಲ. ರಾಶಿಯನ್ನು ದಿಬ್ಬದಂತೆ ಮಾಡಿ, ಕೆಳಗೂ ಒಂದು ತಾಡಪತ್ರಿ ಹಾಸಿ, ಸುತ್ತ ನೀರು ಹರಿದು ಹೋಗಲು ಸಣ್ಣ ಕಾಲುವೆ ತೆಗೆಯಿರಿ. ಮೇಲಿನ ತಾಡಪತ್ರಿಯ ಅಂಚಿಗೆ ಮರಳು ಚೀಲ ಇಡಿ, ಬರೀ ಕಲ್ಲಿಟ್ಟರೆ ಗಾಳಿಗೆ ನಿಲ್ಲುವುದಿಲ್ಲ. ಮುಚ್ಚಿದ ರಾಶಿಯನ್ನು ದಿನಗಟ್ಟಲೆ ಹಾಗೇ ಬಿಡಬೇಡಿ, ಒಳಗೆ ಕಾವು ಏರಿ ಕಾಳು ಕೆಂಪಾಗುತ್ತದೆ. ಬೆಂಬಲ ಬೆಲೆಗೆ ಕೊಡುವುದಾದರೆ ತೇವಾಂಶ ಶೇಕಡ 17 ದಾಟಬಾರದು, ಅದು ನಿಮಗೂ ಗೊತ್ತಿರುವುದೇ. ಇನ್ನೂ ಕೊಯ್ಯದ ಗದ್ದೆ ಇದ್ದರೆ ನೀರು ಬಸಿದು ಬಿಡಿ. ಕೊಯ್ಲಿನ ಮಿಷನ್ ಭಾನುವಾರಕ್ಕೆ ಹೇಳಿದ್ದರೆ ಬೆಳಗಿನ ಹೊತ್ತಿಗೆ ಕೇಳಿಕೊಳ್ಳಿ.

ಪ್ರಶ್ನೆ: ಮಾವು ಕೊಯ್ಲಿಗೆ ಬಂದಿದೆ. ಆಲಿಕಲ್ಲು ಬೀಳುತ್ತದಾ ಅಂತ ಮೊದಲೇ ಗೊತ್ತಾಗುತ್ತದಾ?
– ತೋಟದವರು, ಶ್ರೀನಿವಾಸಪುರ

ಯಾವ ತೋಟಕ್ಕೆ ಎಂದು ಗೊತ್ತಾಗುವುದಿಲ್ಲ. ನಮ್ಮ ಕಡೆ ಮೇ ತಿಂಗಳಲ್ಲಿ ನೀರು ಹೆಪ್ಪುಗಟ್ಟುವ ಚಳಿ ಇರುವುದು ಸುಮಾರು ಐದು ಕಿ.ಮೀ. ಎತ್ತರದಲ್ಲಿ. ಮೇಲಕ್ಕೆ ನುಗ್ಗುವ ಗಾಳಿ ಜೋರಾಗಿದ್ದರೆ ಹನಿಗಳನ್ನು ಅದರಾಚೆಗೆ ಎತ್ತಿ ಗಡ್ಡೆ ಕಟ್ಟಿಸುತ್ತದೆ, ಗಾಳಿಗೆ ತಡೆದುಕೊಳ್ಳಲಾಗದಷ್ಟು ಭಾರ ಆದಾಗ ಕೆಳಗೆ ಬೀಳುತ್ತದೆ. ಎಲ್ಲ ಗುಡುಗು ಮೋಡದಲ್ಲೂ ಅಷ್ಟು ಕಸುವು ಇರುವುದಿಲ್ಲ. ಬಲಿತ ಕಾಯಿ ಇದ್ದರೆ ಶುಕ್ರವಾರದೊಳಗೆ ಕೊಯ್ದುಬಿಡಿ, ಎಳೆಕಾಯಿಯನ್ನು ಹೆದರಿ ಕೊಯ್ಯಬೇಡಿ. ಮಳೆ ಬಂದ ಮೇಲೆ ಒದ್ದೆ ಕಾಯಿ ಕೊಯ್ದು ಕ್ರೇಟಿಗೆ ತುಂಬಿದರೆ ಕೊಳೆ ಬೇಗ ಹತ್ತುತ್ತದೆ, ಆರಲು ಬಿಡಿ. ಬಿದ್ದ ಹಣ್ಣು ಆರಿಸಿ ಗುಂಡಿಗೆ ಹಾಕಿ ಮುಚ್ಚಿ, ಇಲ್ಲವಾದರೆ ಹಣ್ಣಿನ ನೊಣ ಹೆಚ್ಚುತ್ತದೆ. ಆಲಿಕಲ್ಲಿನ ಹಾನಿಗೆ ಸರ್ಕಾರದ ಪರಿಹಾರ ಇದೆ. ಅದೇ ದಿನ ಫೋಟೊ ತೆಗೆದು ಗ್ರಾಮ ಆಡಳಿತ ಅಧಿಕಾರಿಗೂ ತೋಟಗಾರಿಕೆ ಇಲಾಖೆಗೂ ತಿಳಿಸಿ. ಫಸಲ್ ಬಿಮಾ ಮಾಡಿಸಿದ ಬೆಳೆಯಾದರೆ 72 ಗಂಟೆಯೊಳಗೆ ವಿಮೆಯವರಿಗೆ ದೂರು ಹೋಗಬೇಕು. ಭಾನುವಾರ ಅಂತ ಸೋಮವಾರಕ್ಕೆ, ಮಂಗಳವಾರಕ್ಕೆ ತಳ್ಳಬೇಡಿ.

ಪ್ರಶ್ನೆ: ನಾವು ಐದು ಜನ ಫ್ರೆಂಡ್ಸ್ ಶನಿವಾರ ಚಿಕ್ಕಮಗಳೂರಿಗೆ ಹೊರಟಿದ್ದೇವೆ. ಮುಳ್ಳಯ್ಯನಗಿರಿ ಮೇಲೆ ಸಂಜೆ ಸೂರ್ಯಾಸ್ತ ನೋಡುವ ಆಸೆ. ಮಳೆ ಇದ್ದರೆ ಇನ್ನೂ ಚೆಂದ ಅಲ್ವಾ?
– ಓದುಗರು, ತುಮಕೂರು

ತುಂತುರು ಮಳೆ ಚೆಂದ, ಗುಡುಗು ಮಳೆ ಅಲ್ಲ. ಮುಳ್ಳಯ್ಯನಗಿರಿ ರಾಜ್ಯದಲ್ಲೇ ಎತ್ತರದ ಜಾಗ, ಸುಮಾರು 1,930 ಮೀಟರ್. ಬೋಳು ಶಿಖರ. ಅಲ್ಲಿ ಸಂಜೆ ಐದಕ್ಕೆ ನಿಂತರೆ ಸುತ್ತಮುತ್ತ ಎಲ್ಲಕ್ಕಿಂತ ಎತ್ತರದಲ್ಲಿ ನಿಂತಿರುವವರು ನೀವೇ. ಸೂರ್ಯಾಸ್ತ ಬಿಟ್ಟು ಸೂರ್ಯೋದಯ ಇಟ್ಟುಕೊಳ್ಳಿ. ಮೇ ತಿಂಗಳಲ್ಲಿ ಹಿಂದಿನ ಸಂಜೆ ಮಳೆ ಬಿದ್ದಿದ್ದರೆ ಬೆಳಗಿನ ನೋಟ ತೊಳೆದಿಟ್ಟ ಹಾಗೆ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿಯಿರಿ. ದೂರದಲ್ಲಿ ಹೂಕೋಸಿನಂತೆ ಉಬ್ಬಿ ಮೇಲಕ್ಕೆ ಬೆಳೆಯುವ ಬಿಳಿ ಮೋಡ ಕಂಡರೆ, ಅದರ ತಳ ಕಪ್ಪಾಗತೊಡಗಿದರೆ, ಗಡಿಯಾರ ನೋಡದೆ ಇಳಿಯಿರಿ.

ಪ್ರಶ್ನೆ: ಆಫೀಸಿನಿಂದ ಸಂಜೆ ಬೈಕಿನಲ್ಲಿ ಬರುವಾಗ ಮಳೆ ಹಿಡಿದರೆ ಅಂಡರ್‌ಪಾಸ್ ಕೆಳಗೆ ನಿಲ್ಲುತ್ತೇನೆ. ಅದು ಸರಿನಾ?
– ಓದುಗರು, ಬೆಂಗಳೂರು

ಬೇಡ. 2023ರ ಮೇ 21ರಂದು, ಅದೂ ಒಂದು ಭಾನುವಾರ, ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಿನಲ್ಲಿದ್ದ ಒಬ್ಬ ಯುವತಿ ತೀರಿಕೊಂಡರು. ಬೇಸಿಗೆ ಮಳೆ ಅರ್ಧ ಗಂಟೆಯಲ್ಲಿ ಸುರಿಯುವ ರಭಸಕ್ಕೆ ನಮ್ಮ ಚರಂಡಿಗಳು ಸಾಲುವುದಿಲ್ಲ. ಬೆಂಗಳೂರಿಗೆ ಮೇ ತಿಂಗಳ ವಾಡಿಕೆ ಮಳೆ ಸುಮಾರು 128 ಮಿ.ಮೀ., ಜೂನ್ ತಿಂಗಳಿಗಿಂತಲೂ ಜಾಸ್ತಿ. 2024ರ ಜೂನ್ 2ರಂದು ಒಂದೇ ದಿನ 111.1 ಮಿ.ಮೀ. ಸುರಿದು 133 ವರ್ಷಗಳ ದಾಖಲೆ ಮುರಿಯಿತು, ಹೆಚ್ಚುಕಡಿಮೆ ಇಡೀ ಜೂನ್‌ನ ಮಳೆ ಅಂದೇ ಬಿತ್ತು, ನೂರಾರು ಮರಗಳು ಬಿದ್ದವು. ಆದ್ದರಿಂದ ಬೈಕು ಪಕ್ಕಕ್ಕೆ ಹಾಕಿ ಅಂಗಡಿಯೋ, ಮೆಟ್ರೊ ನಿಲ್ದಾಣವೋ ಸಿಕ್ಕಿದರೆ ಅದರೊಳಗೆ ಹೋಗಿ. ಮರದ ಕೆಳಗೆ, ಹೋರ್ಡಿಂಗ್ ಕೆಳಗೆ ನಿಲ್ಲಬೇಡಿ. ಕಾರಿನಲ್ಲಿದ್ದರೆ, ಅಂಡರ್‌ಪಾಸ್‌ನಲ್ಲಿ ನೆಲ ಕಾಣದಷ್ಟು ನೀರಿದ್ದರೆ ಹಿಂದಕ್ಕೆ ತಿರುಗಿಸಿ, ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ. ತಂತಿ ಹರಿದು ಬಿದ್ದಿದ್ದರೆ ಹತ್ತಿರ ಹೋಗದೆ 1912ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಅಂತ ಮಳೆ ನೋಡಿಯೇ ಬೇಸಾಯ ಮಾಡಿದೆವು. ಈಗಿನ ಆ್ಯಪುಗಳ ಮುಂದೆ ಅದಕ್ಕೆ ಬೆಲೆಯೇ ಇಲ್ಲವೇ?
– ಹಿರಿಯ ಓದುಗರು, ತಿಪಟೂರು

ಬೆಲೆ ಖಂಡಿತ ಇದೆ. ಮಳೆ ನಕ್ಷತ್ರಗಳು ಸೂರ್ಯನ ಲೆಕ್ಕದವು, ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಹಾಗಾಗಿ ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಕಿಗೆ ಬರುತ್ತವೆ. ಭರಣಿ ಏಪ್ರಿಲ್ ಕೊನೆಗೆ ಹುಟ್ಟಿ ಮೇ ಹತ್ತರ ಆಸುಪಾಸಿಗೆ ಮುಗಿಯುತ್ತದೆ, ಆಮೇಲೆ ಕೃತ್ತಿಕೆ, ಮೇ 25ರ ಹೊತ್ತಿಗೆ ರೋಹಿಣಿ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯ ಹಿಂದೆ ತಲೆಮಾರುಗಳ ಲೆಕ್ಕಾಚಾರ ಇದೆ. ಆ ಮಳೆಗೆ ನೆಲ ಉತ್ತು, ಹೆಸರು, ಅಲಸಂದೆ, ಎಳ್ಳು ಬಿತ್ತಿ, ರಾಗಿಗೆ ಮೊದಲು ಒಂದು ಫಸಲು ತೆಗೆಯುವುದು ನಿಮ್ಮ ಕಡೆಯವರಿಗೆ ಚೆನ್ನಾಗಿ ಗೊತ್ತು. ಮಾರ್ಚಿನಿಂದ ಮೇ ಕೊನೆಯವರೆಗೆ ರಾಜ್ಯಕ್ಕೆ ಬರುವ ವಾಡಿಕೆ ಮಳೆ ಸುಮಾರು 115 ಮಿ.ಮೀ. ಅಷ್ಟೇ ಇದ್ದರೂ ಇಡೀ ವರ್ಷದ ಬೇಸಾಯ ಶುರುವಾಗುವುದು ಅದರಿಂದಲೇ. ನಕ್ಷತ್ರ ಋತುವನ್ನು ಹೇಳುತ್ತದೆ. ಈ ಶನಿವಾರವೋ ಮುಂದಿನ ಶನಿವಾರವೋ ಅನ್ನುವುದನ್ನು ಮಾತ್ರ ಅದು ಹೇಳಲಾರದು, ಅದಕ್ಕೆ ಮುನ್ಸೂಚನೆ ನೋಡಿ. ಎರಡನ್ನೂ ಇಟ್ಟುಕೊಂಡು ಬೇಸಾಯ ಮಾಡುವವರೇ ಜಾಣರು. 'ಮೇಘದೂತ್' ಆ್ಯಪ್‌ನಲ್ಲಿ ಜಿಲ್ಲಾವಾರು ಬೇಸಾಯದ ಸಲಹೆ ಕನ್ನಡದಲ್ಲೇ ಬರುತ್ತದೆ, ಮೊಮ್ಮಕ್ಕಳಿಗೆ ಹೇಳಿ ಹಾಕಿಸಿಕೊಳ್ಳಿ.

ಪ್ರಶ್ನೆ: ನಮಗೆ ಈ ವಾರ ಒಂದು ಇಂಚು ಇಪ್ಪತ್ತು ಸೆಂಟು ಬಿತ್ತು. ಕಾಫಿಗೆ ಈಗಿನ ಮಳೆ ಒಳ್ಳೆಯದೋ ಕೆಟ್ಟದೋ?
– ಬೆಳೆಗಾರರು, ಸಕಲೇಶಪುರ

ಸೆಂಟು ಅಂದರೆ ಇಂಚಿನ ನೂರನೇ ಒಂದು ಭಾಗ, ಹಾಗಾಗಿ ಸುಮಾರು 30 ಮಿ.ಮೀ. ಆಯಿತು. ಹೂ ಅರಳಿದ ದಿನ ಬಿದ್ದಿದ್ದರೆ ಕಷ್ಟ ಇತ್ತು, ಪರಾಗ ತೊಳೆದು ಹೋಗುತ್ತಿತ್ತು. ಹೂ ಅರಳಿಸುವ ಹೂಮಳೆ, ಅದರ ಬೆನ್ನಿಗೆ ಬರುವ ಮಳೆ ಎರಡೂ ಮುಗಿದು ಕಾಯಿ ಕಟ್ಟಿರುವಾಗ ಬೀಳುವ ಈ ಮಳೆ ಒಳ್ಳೆಯದೇ. ಗೊಬ್ಬರ ಹಾಕುವುದಿದ್ದರೆ ವಾರಾಂತ್ಯದ ಜೋರು ಮಳೆ ಕಳೆಯಲಿ, ಕೊಚ್ಚಿಹೋಗುವುದು ಬೇಡ. ನೆರಳಿನ ಮರಗಳ ಒಣ ಕೊಂಬೆ ಕಡಿಸಿದ್ದೀರಾ ನೋಡಿ. ಕೂಲಿಯವರನ್ನು ಮೂರರ ಮೇಲೆ ತೋಟದಲ್ಲಿ ಇರಿಸಿಕೊಳ್ಳಬೇಡಿ.

ಪ್ರಶ್ನೆ: ಎರಡು ದಿನದಿಂದ ಸಂಜೆ ಮಳೆ. ಮುಂಗಾರು ಬಂದೇಬಿಟ್ಟಿತು ಎನ್ನುತ್ತಿದ್ದಾರೆ ಇಲ್ಲಿ. ಹೌದಾ?
– ಓದುಗರು, ಕುಂದಾಪುರ

ಬರೀ ಸಂಜೆ ಬಂದು ಗುಡುಗಿ ಹೋದರೆ ಅದು ಮುಂಗಾರಲ್ಲ. ಮುಂಗಾರಿನ ಮಳೆಗೆ ಹೊತ್ತು ಗೊತ್ತಿಲ್ಲ, ಬೆಳಿಗ್ಗೆಯೂ ಬರುತ್ತದೆ, ನಡುರಾತ್ರಿಯೂ ಬರುತ್ತದೆ, ಪಡುವಣ ಗಾಳಿ ಬಿಡದೆ ಬೀಸುತ್ತದೆ, ಗುಡುಗು ಕಡಿಮೆ. ಕೇರಳಕ್ಕೆ ಮುಂಗಾರು ಬಂತೆಂದು ಘೋಷಿಸಲು 14 ಕೇಂದ್ರಗಳ ಮಳೆ ನೋಡುತ್ತಾರೆ, ಅದರಲ್ಲಿ ನಮ್ಮ ಮಂಗಳೂರು ಕೂಡ ಒಂದು. ಮೇ 10ರ ನಂತರ ಅವುಗಳಲ್ಲಿ ಶೇಕಡ 60ರಷ್ಟು ಕಡೆ ಎರಡು ದಿನ ಸತತವಾಗಿ 2.5 ಮಿ.ಮೀ. ಅಥವಾ ಹೆಚ್ಚು ಬೀಳಬೇಕು, ಜೊತೆಗೆ ಗಾಳಿಯ ಲೆಕ್ಕವೂ ಹೊಂದಬೇಕು. ಕೇರಳಕ್ಕೆ ವಾಡಿಕೆಯ ದಿನ ಜೂನ್ 1. 2025ರಲ್ಲಿ ಮೇ 24ಕ್ಕೇ ಬಂದಿತ್ತು, ಹಾಗಾಗಿ ಬೇಗ ಬರುವುದಿಲ್ಲ ಅಂತಲ್ಲ. ಜೂನ್ 1ರಿಂದ ಯಾಂತ್ರಿಕ ಮೀನುಗಾರಿಕೆಗೆ ರಜೆ ಶುರು, ಅದಕ್ಕೆ ಮೊದಲು ಇನ್ನೊಂದು ಸಲ ಹೋಗಿ ಬರೋಣ ಅಂತ ದೋಣಿಗಳು ಹೊರಡುವ ಸಮಯ ಇದು. ಗಾಳಿಯ ಎಚ್ಚರಿಕೆ ಇದ್ದ ದಿನ ದಯವಿಟ್ಟು ಹೊರಡಬೇಡಿ. ಸಮುದ್ರದ ಮೇಲೆ ಸಿಡಿಲಿಗೆ ಮರೆಯೇ ಇಲ್ಲ.

ಪ್ರಶ್ನೆ: ಭಾನುವಾರ ರಾತ್ರಿ ನಮ್ಮೂರಲ್ಲಿ ಭರ್ಜರಿ ಮಳೆಯಾದರೆ ಅದು ಯಾವ ದಿನದ ಲೆಕ್ಕಕ್ಕೆ ಸೇರುತ್ತದೆ? ಪತ್ರಿಕೆಯಲ್ಲಿ ಬರುವ ಅಂಕಿ ಯಾವಾಗಲೂ ಗೊಂದಲ.
– ನಿವೃತ್ತ ಶಿಕ್ಷಕರು, ಹಾವೇರಿ

ಮಳೆಯ ದಿನ ಬೆಳಿಗ್ಗೆ 8.30ಕ್ಕೆ ಶುರುವಾಗಿ ಮರುದಿನ 8.30ಕ್ಕೆ ಮುಗಿಯುತ್ತದೆ. ಭಾನುವಾರ ರಾತ್ರಿಯ ಮಳೆಯನ್ನು ಸೋಮವಾರ ಬೆಳಿಗ್ಗೆ ಅಳೆದು ಸೋಮವಾರದ ತಾರೀಕಿಗೆ ಬರೆಯುತ್ತಾರೆ, ಪತ್ರಿಕೆಯಲ್ಲಿ ನೀವು ಓದುವುದು ಮಂಗಳವಾರ. ಮಾಪಕದಲ್ಲಿ 64.5 ಮಿ.ಮೀ. ದಾಟಿದ್ದರೆ ಅದು "ಭಾರಿ ಮಳೆ". ಪಂಚಾಯ್ತಿ ಮಟ್ಟದ ಅಂಕಿ ಬೇಕಿದ್ದರೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ 'ವರುಣಮಿತ್ರ' ಸಹಾಯವಾಣಿಯಲ್ಲಿ ಕೇಳಿ, ಹೆಚ್ಚಿನ ಗ್ರಾಮ ಪಂಚಾಯ್ತಿಗಳಲ್ಲಿ ಅವರ ಮಳೆಮಾಪನ ಯಂತ್ರ ಇದೆ.